ಎದುರುಪುಟದ ನೆರಳು

ಮಳೆಗಾಲ ಮುಗಿಯಿತೆಂದು ಆಕಾಶ ಒಪ್ಪಿಕೊಂಡು ಹದಿನೈದು ದಿನಗಳಾಗಿದ್ದರೂ ಆ ಹಳೆಯ ಗ್ರಂಥಾಲಯದ ಗೋಡೆಗಳು ಮಾತ್ರ ಇನ್ನೂ ಒಪ್ಪಿಕೊಂಡಿರಲಿಲ್ಲ. ಎತ್ತರದ ಕಿಟಕಿಗಳಿಂದ ಇಳಿದುಬರುವ ಶರತ್ಕಾಲದ ಹೊಂಬಿಸಿಲು ಮೊದಲ ಮಹಡಿಯ ವಾಚನಾಲಯದಲ್ಲಿ ಮೇಜಿನಿಂದ ಮೇಜಿಗೆ ರಾಜಗಾಂಭೀರ್ಯದಿಂದ ಸರಿದು, ಮೆಟ್ಟಿಲ ತಲೆಯ ಬಳಿ ಒಂದು ಕ್ಷಣ ಅನುಮಾನಿಸಿ ನಿಂತು, ಕೆಳಗಿನ ನೆಲಮಾಳಿಗೆಯ ಕಡೆಗೊಮ್ಮೆ ಇಣುಕಿ, ಮೂಗು ಮುಚ್ಚಿಕೊಂಡ ಅತಿಥಿಯಂತೆ ಹಿಂದಕ್ಕೆ ಸರಿದುಬಿಡುತ್ತಿತ್ತು... ಸರಿಯದೆ ಏನು ಮಾಡೀತು!

ನೆಲಮಾಳಿಗೆಯೆಂದರೆ, ಸಹೃದಯರೇ, ಕಾಲಪುರುಷನು ತಾನು ತಿಂದು ಮಿಗಿಸಿದ್ದನ್ನು ಗುಡ್ಡೆಹಾಕಿದ ಜಾಗ. ಚಿನ್ನದಂಚಿನ ನಿಘಂಟುಗಳು, ಕೈಯಿಂದ ಬಣ್ಣ ತುಂಬಿದ ಪಕ್ಷಿಚಿತ್ರಗಳ ಪ್ರವಾಸಗ್ರಂಥಗಳು, ಯಾವಾಗಲೋ ಒಣಗಿದ ಎಲೆಗಳನ್ನು ಇಂದಿಗೂ ಎದೆಗವಚಿಕೊಂಡ ವೈದ್ಯಪುಸ್ತಕಗಳು, ನ್ಯಾಯಾಧೀಶನೊಬ್ಬನ ಇಪ್ಪತ್ತೆರಡು ಸಂಪುಟಗಳ ತೀರ್ಪುಗಳು, ಅಂಗೈಯಗಲದ ಬಾಲಬೋಧೆಗಳು. ಮಖಮಲ್ಲಿನ ಹೊದಿಕೆಯ ಆಲ್ಬಮ್‌ಗಳಲ್ಲಿ ನಾಟಕ ಕಂಪನಿಯ ನಟಿಯರು, ಸೌದೆಯಂತೆ ಸೆಟೆದು ನಿಂತ ಗುಮಾಸ್ತರ ಸಾಲು, ಒಂದೇ ಕುರ್ಚಿಯ ಎರಡು ಕೈ ಹಿಡಿದು ನಿಂತ ಹೆಸರಿಲ್ಲದ ದಂಪತಿ... ಎಷ್ಟು ವೈವಿಧ್ಯ, ಎಷ್ಟು ವೈಭವ! ಆದರೆ ಆ ವೈಭವದ ಮೈತುಂಬ ಬೂಷ್ಟಿನ ಹಸಿರು ಹುಣ್ಣು. ನಿಘಂಟಿನ ಬೆನ್ನೊಳಗೆ ಜಿರಲೆಯ ಮೊಟ್ಟೆ. ನಟಿಯ ಕೆನ್ನೆಯನ್ನು ಬೆಳ್ಳಿಹುಳು ನೆಕ್ಕಿ ನೆಕ್ಕಿ ತೂತು ಮಾಡಿತ್ತು. ತೀರ್ಪುಗಳ ನಡುವೆ ಯಾವನೋ ಪುಣ್ಯಾತ್ಮ ಕತ್ತರಿಸಿಟ್ಟ ಉಗುರುಗಳಿದ್ದವು!

ಈ ಮಾಲಿನ್ಯದ ಮಧ್ಯೆ ಹನ್ನೊಂದು ವರ್ಷಗಳಿಂದ ಕುಳಿತು ಪುಸ್ತಕಗಳನ್ನು ದುರಸ್ತಿ ಮಾಡುತ್ತಿದ್ದವಳನ್ನು ಎಲ್ಲರೂ ಅಂಟಕ್ಕ ಎನ್ನುತ್ತಿದ್ದರು. ಕೈಯಲ್ಲಿ ಸದಾ ಅಂಟಿನ ಕುಂಚವಿರುತ್ತಿದ್ದುದರಿಂದ ಹೆಸರೂ ಅಂಟಿಕೊಂಡಿತ್ತು. ವಯಸ್ಸು ಮೂವತ್ತಾರು, ವಾಸ ಅಣ್ಣ ಅತ್ತಿಗೆಯರ ಮನೆಯಲ್ಲಿ. ವಿಧಿಯ ವಿನೋದ ನೋಡಿ, ಹೇಸಿಗೆಯೆಂಬುದು ಹುಟ್ಟುಗುಣವಾಗಿ ಬಂದ ಹೆಣ್ಣಿಗೆ ಅದು ಇಂಥ ಕಸುಬನ್ನೇ ಕಟ್ಟಿತ್ತು. ಪ್ರತಿಯೊಂದು ಪುಸ್ತಕವನ್ನು ಮುಟ್ಟಿದ ಮೇಲೂ ಅವಳು ಕೈ ತೊಳೆಯುತ್ತಿದ್ದಳು. ಅನ್ಯರ ಬೆವರು, ಅನ್ಯರ ಉಗುಳು, ಅನ್ಯರ ಎಣ್ಣೆಗೈ ಇವೆಲ್ಲ ನೂರು ವರ್ಷಗಳ ಆಚೆಯಿಂದಲೂ ತನ್ನ ಬೆರಳಿಗೆ ಹತ್ತುತ್ತವೆಯೆಂದು ಅವಳ ಚರ್ಮಕ್ಕೆ ಖಚಿತವಿತ್ತು.

ಅಂಥ ಚರ್ಮದ ಮೇಲೆಯೇ ಪ್ರೇಮವು ಸದ್ದಿಲ್ಲದೆ ಬಂದು ಕುಳಿತದ್ದು!

ಛಾಯಾಚಿತ್ರ ವಿಭಾಗದ ಪಾಲಕನನ್ನು ಸಹೋದ್ಯೋಗಿಗಳು ಮೌನಿ ಎಂದು ಕರೆಯುತ್ತಿದ್ದರು. ನಲವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಅಂಗಿಯ, ಒಗೆದ ಬಟ್ಟೆಯಂತೆ ಹಗುರಾಗಿ ಓಡಾಡುವ ಮನುಷ್ಯ. ಅವನು ಚಿತ್ರಗಳನ್ನು ಅಂಚಿನಲ್ಲಷ್ಟೇ ಹಿಡಿಯುತ್ತಿದ್ದ. ಅದನ್ನು ನೋಡಿಯೇ ಅವಳು ಸೋತಿದ್ದಳು. ಮಾತಾಡಲು ಬಾರದ ಅವನು, ದುರಸ್ತಿಗೆಂದು ಕಳಿಸುವ ಆಲ್ಬಮ್‌ಗಳೊಳಗೆ ಮಡಿಸಿದ ಚೀಟಿಗಳನ್ನಿಟ್ಟು ಕಳಿಸತೊಡಗಿದ. ಎದುರಿಗೆ ನಿಂತಾಗ ‘ನೀವು’ ಎನ್ನುವವನು ಚೀಟಿಯಲ್ಲಿ ‘ನೀನು’ ಎಂದು ಬರೆಯುತ್ತಿದ್ದ. ಆ ಒಂದಕ್ಷರದ ಸಲುಗೆಗೇ ಅವಳ ಮೈ ವಸಂತದ ಮರದಂತೆ ಚಿಗುರುತ್ತಿತ್ತು! ‘ನದಿಗೆ ಎರಡು ದಡಗಳಿರುವುದು ಅಗಲಿಕೆಗಾಗಿ ಎಂದು ಇಷ್ಟು ದಿನ ತಿಳಿದಿದ್ದೆ. ನಿನ್ನನ್ನು ಕಂಡ ಮೇಲೆ ಅರ್ಥವಾಯಿತು, ದಡಗಳು ಎರಡಿರುವುದು ನಡುವೆ ಏನನ್ನಾದರೂ ಕಟ್ಟಲೆಂದು.’ ಈ ಸಾಲನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ, ಬಸ್ಸಿನಲ್ಲಿ ನಿಂತಾಗಲೂ ತುಟಿ ತಾನೇ ಅಲುಗುತ್ತಿತ್ತು. ಚಿತ್ರಗಳ ಪೆಟ್ಟಿಗೆಗಳ ನಡುವೆ ಬದುಕುವವನಿಗೆ ನದಿಯ ನೆನಪೇಕೆ ಬಂತೆಂದು ಒಮ್ಮೆ ಅನಿಸಿದ್ದೂ ಉಂಟು. ಪ್ರೇಮವು ಅಂಥ ಪ್ರಶ್ನೆಗಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದಲ್ಲವೇ! ಇಂಥ ಹದಿನಾಲ್ಕು ಚೀಟಿಗಳು ಅವಳ ಹೊಲಿಗೆಯ ಡಬ್ಬಿಯಲ್ಲಿದ್ದವು. ಅವರಿಬ್ಬರ ಮದುವೆಗೆ ಆರು ವಾರಗಳಷ್ಟೇ ಉಳಿದಿದ್ದವು.

ಆಗಲೇ ಅವಳ ಮೇಜಿಗೆ ಆ ದಿನಚರಿ ಬಂತು.

ಊರ ಹೊರಗಿನ ಹಳೆಯ ಸೇತುವೆಯನ್ನು ಕಟ್ಟಿಸಿದ ಎಂಜಿನಿಯರನೊಬ್ಬ ನೂರಿಪ್ಪತ್ತು ವರ್ಷಗಳ ಹಿಂದೆ ಕೈಯಾರೆ ಬರೆದ ದಪ್ಪ ಪುಸ್ತಕ ಅದು. ಕಂಬಗಳು ಏಳುತ್ತಿದ್ದ ಚಿತ್ರಗಳನ್ನು ನಡುನಡುವೆ ಅಂಟಿಸಿದ್ದರಿಂದ ಮೌನಿಯ ವಿಭಾಗದಲ್ಲಿರುತ್ತಿತ್ತು. ಬರುವ ತಿಂಗಳ ಪ್ರದರ್ಶನದಲ್ಲಿ ಅದನ್ನಿಡಬೇಕೆಂದು ಗ್ರಂಥಪಾಲಕರು ತೀರ್ಮಾನಿಸಿ ದುರಸ್ತಿಗೆ ಕಳಿಸಿದ್ದರು. ಅವಳು ಬಿಚ್ಚಿ ನೋಡಿದಾಗ ಮಧ್ಯದಲ್ಲಿ ಮೂರು ಹಾಳೆಗಳಿರಲಿಲ್ಲ. ಹೊಲಿಗೆಯ ಬಳಿ ಬೆರಳಗಲದ ಮೂರು ತುಂಡುಗಳು ಮಾತ್ರ ಉಳಿದಿದ್ದವು. ಹಾಳೆಯೆಲ್ಲ ಚಹಾದ ಬಣ್ಣಕ್ಕೆ ತಿರುಗಿದ್ದರೂ ಕತ್ತರಿಸಿದ ಅಂಚು ಹಾಲಿನಂತೆ ಬೆಳ್ಳಗಿತ್ತು. ಅಂದರೆ ಗಾಯ ಹೊಸದು... ಯಾರೋ ಈಚೆಗಷ್ಟೇ ಬ್ಲೇಡು ಆಡಿಸಿದ್ದರು!

ಹುಳು ತಿಂದರೆ ಹಸಿವಿಗೆ ತಿಂದೀತು; ಮನುಷ್ಯನ ಈ ನಾಜೂಕಿನ ಕೊಯ್ತಕ್ಕಿಂತ ಅಸಹ್ಯವಾದದ್ದು ಅವಳ ಕಸುಬಿನಲ್ಲಿ ಬೇರೊಂದಿರಲಿಲ್ಲ.

ಗ್ರಂಥಪಾಲಕರು ಅವಳನ್ನೂ ಮೌನಿಯನ್ನೂ ಕರೆಸಿದರು. ಕಳೆದ ಒಂದು ವರ್ಷದಲ್ಲಿ ಆ ಪುಸ್ತಕವನ್ನು ತರಿಸಿಕೊಂಡು ಓದಿದವರು ಒಬ್ಬರೇ, ಮೇಷ್ಟ್ರು. ಭೂಗೋಳ ಪಾಠ ಮಾಡಿ ನಿವೃತ್ತರಾದ ಅವರು ಸೇತುವೆಯ ಚರಿತ್ರೆ ಬರೆಯುತ್ತಿದ್ದರು. ಅಂಟಕ್ಕನಿಗೆ ಅವರೆಂದರೆ ಮೊದಲಿನಿಂದಲೂ ಆಗದು. ನಶ್ಯ ಏರಿಸಿ ಏರಿಸಿ ಕಂದಾದ ಮೂಗಿನ ಹೊಳ್ಳೆ, ಅದೇ ಬಣ್ಣದ ಕರವಸ್ತ್ರ, ಎಲ್ಲಕ್ಕಿಂತ ಹೆಚ್ಚಾಗಿ ಪುಟ ತಿರುಗಿಸುವ ಮೊದಲು ನಾಲಗೆಗೆ ಹೋಗುವ ಆ ಹೆಬ್ಬೆರಳು!

“ಅವರು ಹಾಗೆ ಮಾಡೋರು ಅನಿಸುತ್ತಾ ನಿಮಗೆ?” ಗ್ರಂಥಪಾಲಕರು ಕೇಳಿದರು.

“ಮೂರು ವಾರ ಪುಸ್ತಕ ಅವರ ಹತ್ರನೇ ಇತ್ತು. ಚೀಲದಲ್ಲಿ ಬ್ಲೇಡು ಇಟ್ಕೊಂಡಿರ್ತಾರೆ, ನಾನೇ ನೋಡಿದೀನಿ,” ಎಂದಳು ಅವಳು.

ಪೆನ್ಸಿಲು ಚೂಪು ಮಾಡಲು ಇಟ್ಟುಕೊಂಡ ಬ್ಲೇಡು ಅದೆಂಬುದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಮೌನಿ ತನ್ನ ಹೆಸರಿಗೆ ತಕ್ಕಂತೆ ನೆಲ ನೋಡುತ್ತಾ ನಿಂತಿದ್ದ.

ಮರುದಿನ ಗ್ರಂಥಪಾಲಕರು ಮೇಷ್ಟ್ರನ್ನು ವಾಚನಾಲಯದ ಬಾಗಿಲಲ್ಲೇ ತಡೆದು, ಹಾಳೆಗಳ ವಿಷಯ ತಿಳಿಸಿ, ಚೀಲ ಬಿಚ್ಚಿ ತೋರಿಸಲು ಹೇಳಿದರು. ಮೇಷ್ಟ್ರು ಕೂಗಾಡಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು, ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡುತ್ತಿರುವಾಗ, ಮೆಲ್ಲಗೆ ಇಷ್ಟೇ ಹೇಳಿದರು: “ಆ ಹಾಳೆಗಳಲ್ಲಿ ಸೇತುವೆ ವಿಷಯ ಇರಲಿಲ್ಲ ಸ್ವಾಮಿ. ಆ ಎಂಜಿನಿಯರ್ ಹೆಂಡತಿಗೆ ಬರೆದ ಮಾತಿತ್ತು. ಅದನ್ನ ತಗೊಂಡು ನಾನೇನು ಮಾಡಲಿ?” ಆಮೇಲೆ ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಆ ಒರೆಸುವಿಕೆಯನ್ನು ನೋಡಿ ಅಂಟಕ್ಕ ಮುಖ ತಿರುಗಿಸಿದಳು. ಹೀಗಾಗಿ ಮೆಟ್ಟಿಲಿಳಿಯುವಾಗ ಅವರ ಕಾಲು ತಡವರಿಸಿದ್ದು ಅವಳಿಗೆ ಕಾಣಲಿಲ್ಲ.

ಮೂರು ದಿನಗಳು ಸಂದವು. ನಾಲ್ಕನೆಯ ದಿನದ ಮಧ್ಯಾಹ್ನ ಅವಳು ದಿನಚರಿಯನ್ನು ಮೃದುಕುಂಚದಿಂದ ಒರೆಸುತ್ತಿದ್ದಳು. ಹಳೆಯ ಕಾಲದ ಶಾಯಿಗೆ ಒಂದು ಗುಣವಿದೆ. ಅದರೊಳಗಿನ ಕಬ್ಬಿಣದಂಶವು, ಪುಸ್ತಕ ಬಹುಕಾಲ ಮುಚ್ಚಿಯೇ ಇದ್ದಾಗ, ತನ್ನ ಎದುರುಪುಟದ ಮೇಲೆ ಮಸುಕಾದ ಕಂದು ನೆರಳೊಂದನ್ನು ಒತ್ತಿಬಿಡುತ್ತದೆ. ಅಕ್ಷರಗಳೆಲ್ಲ ತಿರುಗುಮುರುಗಾಗಿ ಮೂಡುತ್ತವೆ. ಕತ್ತರಿಸಿಹೋದ ಹಾಳೆಯ ಎದುರಿಗಿದ್ದ ಪುಟದಲ್ಲಿ, ಸೇತುವೆಯ ನಕ್ಷೆಯೊಂದರ ಸುತ್ತಲಿನ ಖಾಲಿ ಜಾಗದಲ್ಲಿ, ಅಂಥ ನೆರಳಿತ್ತು. ಹೋದ ಹಾಳೆಯಲ್ಲಿ ಏನಿತ್ತೆಂದು ವರದಿಯಲ್ಲಿ ಬರೆದಿಡುವುದು ಅವಳ ಕರ್ತವ್ಯ. ದೀಪವನ್ನು ಓರೆಯಾಗಿ ಬಾಗಿಸಿ, ಕೈಗನ್ನಡಿಯನ್ನು ಪುಟದ ಪಕ್ಕ ನಿಲ್ಲಿಸಿ, ಒಂದೊಂದೇ ಪದವನ್ನು ಕೂಡಿಸುತ್ತಾ ಹೋದಳು.

‘ನದಿಗೆ... ಎರಡು... ದಡಗಳಿರುವುದು...’

ಮುಂದಿನದನ್ನು ಅವಳು ಕನ್ನಡಿಯಲ್ಲಿ ನೋಡಬೇಕಾಗಿರಲಿಲ್ಲ. ಅವಳ ತುಟಿಯೇ ಹೇಳಿ ಮುಗಿಸಿತು.

ನಂತರ ಯಾಂತ್ರಿಕವಾಗಿ ಪುಟ ತಿರುಗಿಸಿದಳು. ಅಲ್ಲಿ ಎಂಜಿನಿಯರ ದಂಪತಿಯ ಚಿತ್ರವಿತ್ತು. ಆತ ಸಿಡುಬಿನ ಕಲೆಗಳ, ದಪ್ಪ ಕುತ್ತಿಗೆಯ ಸಾಮಾನ್ಯ ಮನುಷ್ಯ. ಆಕೆ ಅವನ ಕನ್ನಡಕವನ್ನು ಮಡಿಲಲ್ಲಿ ಹಿಡಿದುಕೊಂಡು, ಛಾಯಾಗ್ರಾಹಕನ ಕಡೆ ನೋಡದೆ, ಗಂಡನನ್ನೇ ನೋಡುತ್ತಿದ್ದಳು. ಆ ಸಾಲು ಆ ಕಣ್ಣುಗಳಿಗಾಗಿ ಹುಟ್ಟಿದ್ದು! ಆಕೆ ಉಂಡು ತೃಪ್ತಳಾಗಿ ಎದ್ದುಹೋದ ಎಲೆಯಲ್ಲಿ ತನಗೆ ಬಡಿಸಲಾಗಿತ್ತು. ತಾನೋ, ಅದು ಅಮೃತವೆಂದು ಬೆರಳು ಬೆರಳು ಚೀಪಿದ್ದಳು. ಎಂಜಲು! ಪುಸ್ತಕದ ಮೇಲೆ ಬೂಷ್ಟು ಕಂಡಾಗ ಕೈ ತೊಳೆದರಾಯಿತು. ಕಿವಿಯೊಳಗೆ ಇಳಿದ, ಎದೆಯಲ್ಲಿ ಬೇರುಬಿಟ್ಟ, ಕನಸಿನಲ್ಲಿ ಕಲಸಿಹೋದ ಎಂಜಲನ್ನು ಯಾವ ನೀರಿನಿಂದ ತೊಳೆಯುವುದು? ಆದರೂ ಅವಳು ಹೋಗಿ ಮೂರು ಸಲ ಸೋಪು ಹಚ್ಚಿ ಕೈ ತೊಳೆದಳು. ಆಮೇಲೆ ಮೆಟ್ಟಿಲು ಹತ್ತಿದಳು.

ಛಾಯಾಚಿತ್ರ ವಿಭಾಗದಲ್ಲಿ ಮೌನಿ ಗಾಜಿನ ಫಲಕವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವಳ ಕೈಯಲ್ಲಿದ್ದ ಕನ್ನಡಿಯನ್ನು ಕಂಡು ಫಲಕವನ್ನು ಮೆಲ್ಲಗೆ ಕೆಳಗಿಟ್ಟ. ಕಸುಬು ಬಲ್ಲವನಾದ್ದರಿಂದ ಬಿಡಿಸಿ ಹೇಳಬೇಕಾಗಲಿಲ್ಲ.

“ಎದುರುಪುಟದಲ್ಲಿ ಮೂಡಿತ್ತಾ?” ಎಂದ.

“ಹಾಳೆಗಳು ಎಲ್ಲಿ?”

ಅವನು ಅಪರಿಚಿತರ ಚಿತ್ರಗಳಿದ್ದ ಆಲ್ಬಮೊಂದನ್ನು ತೆರೆದು, ಟಿಶ್ಯೂ ಕಾಗದದಲ್ಲಿ ಸುತ್ತಿದ್ದ ಮೂರು ಹಾಳೆಗಳನ್ನು ಹೊರತೆಗೆದ. “ಸುಡೋಕೆ ಮನಸ್ಸಾಗಲಿಲ್ಲ. ಪುಸ್ತಕ ನಿಮ್ಮ ಕೈಗೆ ಬರುತ್ತೆ ಅಂತ ಗೊತ್ತಾದಾಗ ಹೆದರಿಕೆ ಆಯ್ತು, ಕತ್ತರಿಸಿದೆ.”

“ಹದಿನಾಲ್ಕು ಚೀಟಿ ಇವೆ ನನ್ನ ಹತ್ರ. ಇದರಲ್ಲಿ ಅಷ್ಟೊಂದು ಇಲ್ಲ. ಉಳಿದವು?”

“ಬೇರೆ ಬೇರೆ ಪುಸ್ತಕದವು.”

“ಒಂದಾದರೂ ನೀವು ಬರೆದದ್ದು ಇಲ್ವಾ?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ತಾರೀಕು ನಾನೇ ಹಾಕ್ತಿದ್ದೆ.”

ಬೇರೊಂದು ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳೇನೋ! ಮಾತು ಬಾರದವನು ಮಾತನ್ನು ಎರವಲು ತಂದದ್ದು, ಗ್ರಂಥಾಲಯದವನಾದ್ದರಿಂದ ಎರವಲು ತರುವುದೊಂದೇ ಅವನಿಗೆ ತಿಳಿದಿದ್ದ ವಿದ್ಯೆಯೆನ್ನುವುದು, ಹತ್ತು ವರ್ಷಗಳ ಸಂಸಾರದ ನಂತರ ಊಟದ ಹೊತ್ತಿನ ತಮಾಷೆಯಾಗಬಹುದಿತ್ತು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಹೇಳಿದಳು: “ಮೇಷ್ಟ್ರನ್ನ ಆಚೆ ಕಳಿಸುವಾಗ ನೀವು ಅಲ್ಲೇ ನಿಂತಿದ್ರಿ.”

“ಅವರಿಗೆ ವಯಸ್ಸಾಯ್ತಲ್ಲ,” ಎಂದ ಮೌನಿ. “ಬೇರೆ ಯಾವುದಾದರೂ ಲೈಬ್ರರಿಗೆ ಹೋಗ್ತಾರೆ ಅಂದ್ಕೊಂಡೆ.”

ಇದು, ಸಹೃದಯರೇ, ಅವನು ಯಾವ ಪುಸ್ತಕದಿಂದಲೂ ಕದಿಯದ ಮಾತು. ಇದನ್ನು ಕೇಳಿದಾಗ ಅವಳಿಗೆ ನಿಜವಾಗಿಯೂ ವಾಕರಿಕೆ ಬಂತು. ಆ ಇಸ್ತ್ರಿಯಂಗಿ, ಆ ಶುಭ್ರವಾದ ಉಗುರುಗಳು, ಚಿತ್ರಗಳನ್ನು ಅಂಚಿನಲ್ಲಷ್ಟೇ ಹಿಡಿಯುವ ಆ ನಯ... ಒಂದೊಂದೂ ಅವಳ ಕಣ್ಣೆದುರಿಗೇ ಲೋಳೆಗಟ್ಟಿದವು!

“ನಾಳೆ ಬೆಳಗ್ಗೆ ಗ್ರಂಥಪಾಲಕರ ಹತ್ರ ಹೋಗೋಣ. ನೀವು ಕತ್ತರಿಸಿದ್ದು ನೀವು ಹೇಳಿ. ಬ್ಲೇಡಿನ ವಿಷಯ ನಾನು ಹೇಳ್ತೀನಿ.”

“ಮದುವೆ ಮುಗೀಲಿ. ಆಮೇಲೆ ಹೇಳೋಣ.”

ಅವಳು ಹಾಳೆಗಳನ್ನೆತ್ತಿಕೊಂಡು ಹೊರಟುಬಂದಳು.

ಅಂದು ಸಂಜೆ ಬಟ್ಟೆ ಮಡಿಸುತ್ತಿದ್ದ ಅತ್ತಿಗೆಗೆ ಎಲ್ಲವನ್ನೂ ಹೇಳಿದಾಗ ಆಕೆ ಮೊದಲು ನಕ್ಕಳು. “ಅಷ್ಟಕ್ಕೇ ಬೇಡ ಅಂತೀಯಾ? ನಿಮ್ಮಣ್ಣ ನನಗೆ ಬರೆದ ಕಾಗದ ಪೂರ್ತಿ ಸಿನಿಮಾ ಹಾಡು ಕಣೆ. ಪಲ್ಲವಿ ಎರಡು ಸಲ ಬರೆದಿದ್ರು.”

“ಮಾತು ಕದ್ದದ್ದಕ್ಕಲ್ಲ ಅತ್ತಿಗೆ. ಇನ್ನೊಬ್ಬರ ತಲೆ ಮೇಲೆ ಕಾಲಿಟ್ಟು ನನ್ನ ಹತ್ರ ಬರ್ತಿದ್ರು. ನಾನೂ ಏಣಿ ಹಿಡ್ಕೊಂಡಿದ್ದೆ.”

ಅತ್ತಿಗೆಯ ನಗು ನಿಂತಿತು. ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮರುದಿನ ಮೌನಿ ಕೆಲಸಕ್ಕೆ ಬರಲಿಲ್ಲ. ರಜೆಯ ಅರ್ಜಿ ಬಂತು. ಹತ್ತೂವರೆಯವರೆಗೆ ಕಾದು, ಅವಳೊಬ್ಬಳೇ ಗ್ರಂಥಪಾಲಕರ ಕೋಣೆಗೆ ಹೋಗಿ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಬ್ಲೇಡು ಪೆನ್ಸಿಲಿನದೆಂದು ಗೊತ್ತಿದ್ದೂ ಹೇಳಲಿಲ್ಲವೆಂದಳು. ಆ ಮಾತು ಹೇಳುವಾಗ ತನ್ನ ನಾಲಗೆಯ ಬಗ್ಗೆ ಅವಳಿಗಾದ ಜುಗುಪ್ಸೆ, ಮೌನಿಯ ಬಗ್ಗೆ ಆದದ್ದಕ್ಕಿಂತ ಕಡಿಮೆಯದೇನಲ್ಲ. ಗ್ರಂಥಪಾಲಕರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಮೇಷ್ಟ್ರ ವಿಳಾಸ ನನ್ನ ಹತ್ರ ಇದೆ,” ಎಂದರು. “ನೀವು ಹೋಗ್ತೀರಾ, ನಾನು ಹೋಗಲಾ?”

“ನಾನೇ ಹೋಗ್ತೀನಿ.”

ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆ ಅದು. ಕೆಳಗಿನ ಯಂತ್ರಗಳ ಗರಗರ ಶಬ್ದಕ್ಕೆ ನೆಲ ಸಣ್ಣಗೆ ನಡುಗುತ್ತಿತ್ತು. ಗೋಡೆಯ ತುಂಬ ಪೆನ್ಸಿಲಿನಲ್ಲಿ ಬರೆದ ನದಿಯ ನಕ್ಷೆಗಳು. ಚಾಪೆಯ ಮೇಲೆ ನಶ್ಯದ ಪುಡಿ. ಕಿಟಕಿಯ ಸರಳಿಗೆ ಒಣಹಾಕಿದ ಆ ಕಂದು ಕರವಸ್ತ್ರ. ಮೇಷ್ಟ್ರು ಇದ್ದೊಂದು ಕುರ್ಚಿಯನ್ನು ಅವಳಿಗೆ ಕೊಟ್ಟು, ತಾವು ಚಾಪೆಯ ಮೇಲೆ ಕುಳಿತು, ಅವಳು ಹೇಳಿದ್ದನ್ನೆಲ್ಲ ಒಂದು ಸಲವೂ ನಡುವೆ ಬಾಯಿಹಾಕದೆ ಕೇಳಿದರು. ಚೀಟಿಗಳ ವಿಷಯವನ್ನೂ ಅವಳು ಬಚ್ಚಿಡಲಿಲ್ಲ.

“ಆ ಹಾಳೆಗಳನ್ನ ನೀವು ಓದಿದ್ರಲ್ಲ,” ಎಂದಳು ಕೊನೆಯಲ್ಲಿ. “ನಿಮಗೂ ಗೊತ್ತಿರುತ್ತೆ, ಎಷ್ಟು ಚೆನ್ನಾಗಿ ಬರೆದಿದಾರೆ ಅಂತ.”

“ಇಲ್ಲಮ್ಮ, ಎರಡು ಸಾಲು ಓದಿದೆ. ಗಂಡ ಹೆಂಡತಿ ಮಾತಾಡ್ತಿದಾರೆ ಅಂತ ಗೊತ್ತಾಯ್ತು,” ಎಂದರು ಮೇಷ್ಟ್ರು. “ಬೇರೆಯವರ ಕೋಣೆಗೆ ನುಗ್ಗಿದ ಹಾಗಾಯ್ತು. ಪುಟ ತಿರುಗಿಸಿಬಿಟ್ಟೆ.”

ಅಂಟಕ್ಕ ತಲೆಯೆತ್ತಿ ಅವರನ್ನು ನೋಡಿದಳು. ಅದೇ ಕಂದು ಹೊಳ್ಳೆ, ಅದೇ ಹೆಬ್ಬೆರಳು... ಯಾವ ಬೆರಳನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತೋ ಅದೇ ಬೆರಳು, ಸತ್ತ ದಂಪತಿಯ ಏಕಾಂತದ ಮೇಲೆ ತೆರೆಯೆಳೆದಿತ್ತು! ತಾನಾದರೋ, ಕನ್ನಡಿ ಹಿಡಿದು ಅದನ್ನು ಅಕ್ಷರಕ್ಷರವಾಗಿ ಓದಿದವಳು. ಮೌನಿ ಅದನ್ನು ಕತ್ತರಿಸಿ ಮಾರುವೇಷ ಹಾಕಿಸಿದವನು. ಮೇಷ್ಟ್ರು ಮಾತ್ರ ಪುಟ ತಿರುಗಿಸಿದವರು.

“ನನ್ನನ್ನ ಕ್ಷಮಿಸಿ,” ಎಂದಳು.

“ಇವತ್ತು ಆಗಲ್ಲಮ್ಮ,” ಎಂದರು ಅವರು, ಕೋಪವಿಲ್ಲದೆ, ಇದ್ದದ್ದನ್ನು ಇದ್ದಂತೆ. “ನಲವತ್ತು ವರ್ಷ ಪಾಠ ಮಾಡಿದೋನು ನಾನು. ಅಷ್ಟು ಜನದ ಮುಂದೆ ಚೀಲ ಬಿಚ್ಚು ಅಂದ್ರು. ಸೋಮವಾರ ಬರ್ತೀನಿ, ನನ್ನ ಮೇಜು ಖಾಲಿ ಇರಲಿ. ಸದ್ಯಕ್ಕೆ ಅಷ್ಟು ಸಾಕು.”

ಸೋಮವಾರ ಅವರು ಬಂದರು. ಗ್ರಂಥಪಾಲಕರು ವಾಚನಾಲಯದ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, ತಪ್ಪು ಗ್ರಂಥಾಲಯದ್ದೆಂದು ಹೇಳಿದರು. ಮೇಷ್ಟ್ರು ತಲೆಯಾಡಿಸಿ ಕುಳಿತು ಪೆನ್ಸಿಲು ಹೆರೆದುಕೊಂಡರು.

ಮೌನಿ ಒಂಬತ್ತು ದಿನಗಳ ಮೇಲೆ ಬಂದ. ಮದುವೆ ಅಷ್ಟರಲ್ಲಿ ಮುರಿದಿತ್ತು. ಚೀಟಿಗಳನ್ನು ಅಣ್ಣನ ಕೈಯಲ್ಲಿ ಅವಳು ವಾಪಸು ಕಳಿಸಿಯಾಗಿತ್ತು. ಅವನು ನೆಲಮಾಳಿಗೆಗೆ ಇಳಿಯಲಿಲ್ಲ. ಗ್ರಂಥಪಾಲಕರ ಕೋಣೆಯಲ್ಲಿ ಬೀಗದ ಕೈಗಳನ್ನು ಒಪ್ಪಿಸಿ, ಒಂದು ಹಾಳೆ ಬರೆದುಕೊಟ್ಟು, ಊರ ಇನ್ನೊಂದು ತುದಿಯ ಉಗ್ರಾಣದ ಕೆಲಸಕ್ಕೆ ಹೊರಟುಹೋದನೆಂದು ಆಮೇಲೆ ತಿಳಿಯಿತು.

ಅವಳು ಮೂರು ಹಾಳೆಗಳನ್ನು ಅವುಗಳ ಜಾಗಕ್ಕೆ ಸೇರಿಸಲು ಎರಡು ವಾರ ತೆಗೆದುಕೊಂಡಳು. ತೆಳು ಕಾಗದದ ಪಟ್ಟಿಯನ್ನು ಹರಿದು, ಅಂಚಿಗೆ ಅಂಚು ಕೂಡಿಸಿ, ತೂಕದ ಕೆಳಗಿಟ್ಟು ಒಣಗಿಸಿದಳು. ಓದಲಿಲ್ಲ; ಅಕ್ಷರಗಳ ಮೇಲೆ ಬಿಳಿಯ ಕಾಗದವೊಂದನ್ನು ಹೊದಿಸಿಕೊಂಡೇ ಕೆಲಸ ಮಾಡಿದಳು. ಅಷ್ಟು ದಿನವೂ ಹೇಸಿಗೆ ಅವಳ ಜೊತೆಯಲ್ಲೇ ಇತ್ತು. ಊಟದ ಡಬ್ಬಿ ತೆರೆದಾಗ, ಬಸ್ಸಿನಲ್ಲಿ ತುಟಿ ಅಭ್ಯಾಸಬಲದಿಂದ ಆ ಸಾಲಿಗೆ ತೆರೆದುಕೊಂಡಾಗ, ಅದು ಹೊಟ್ಟೆಯಿಂದ ಎದ್ದು ಬರುತ್ತಿತ್ತು. ಕೋಪವಾದರೆ ಉರಿದು ಬೂದಿಯಾಗುತ್ತಿತ್ತು. ಇದು ಆರುವುದೂ ಇಲ್ಲ, ಉರಿಯುವುದೂ ಇಲ್ಲ...

ಕೆಲಸ ಮುಗಿದ ದಿನ ದುರಸ್ತಿಯ ವರದಿಯ ಜೊತೆ ಲಗತ್ತಿಸಲೆಂದು ಗ್ರಂಥಪಾಲಕರು ಮೌನಿ ಬರೆದುಕೊಟ್ಟ ಹಾಳೆಯನ್ನು ಕಳಿಸಿದರು. ಅದರಲ್ಲಿ ನಾಲ್ಕೇ ಸಾಲು. ‘ಹಾಳೆಗಳನ್ನು ಕತ್ತರಿಸಿದ್ದು ನಾನು. ಮೇಷ್ಟ್ರಲ್ಲ. ಹೆದರಿಕೆಯಾಗಿ ಸುಮ್ಮನೆ ಇದ್ದೆ. ಅವರು ಮೆಟ್ಟಿಲಲ್ಲಿ ಎಡವಿದ್ದನ್ನು ನೋಡಿದೆ, ಆಗಲೂ ಸುಮ್ಮನೆ ಇದ್ದೆ.’

ಅವನ ಸ್ವಂತ ಬರಹವನ್ನು ಅವಳು ಓದುತ್ತಿದ್ದುದು ಅದೇ ಮೊದಲು. ಅಲ್ಲಿ ನದಿಯಿರಲಿಲ್ಲ, ದಡವಿರಲಿಲ್ಲ. ಒಬ್ಬ ಮನುಷ್ಯ ತನ್ನ ಹೇಡಿತನವನ್ನು ಅಲಂಕಾರವಿಲ್ಲದೆ ನೋಡಿಕೊಂಡಿದ್ದ, ಅಷ್ಟೇ. ಅವಳಿಗೆ ಅವನ ಮೇಲೆ ಮತ್ತೆ ಪ್ರೀತಿ ಹುಟ್ಟಲಿಲ್ಲ. ಹೋಗಿ ಕರೆದು ತರಬೇಕೆಂದೂ ಅನಿಸಲಿಲ್ಲ. ಆದರೆ ಆ ಹಾಳೆಯನ್ನು ಹಿಡಿದ ಬೆರಳುಗಳಿಗೆ ಅಸಹ್ಯವಾಗಲಿಲ್ಲವೆಂಬುದು ಸ್ವಲ್ಪ ಹೊತ್ತಿನ ಮೇಲೆ ಅವಳ ಗಮನಕ್ಕೆ ಬಂತು. ಆಗ, ಆ ಮೂರು ವಾರಗಳಲ್ಲಿ ಮೊದಲನೆಯ ಬಾರಿಗೆ, ಅವಳು ಅತ್ತಳು.

ಹೇಸಿಗೆಯನ್ನು ನಾವು ಹೀನಭಾವವೆಂದು ಹಳಿಯುತ್ತೇವೆ, ಸಹೃದಯರೇ. ಆದರೆ ದೂರದವರ ಕೊಳೆ ನಮ್ಮನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮನಸ್ಸಿನ ಒಳಮನೆಯವರೆಗೆ ಬರಗೊಟ್ಟವರ ಕೊಳೆ ಮಾತ್ರವೇ ಹೀಗೆ ಉಸಿರುಗಟ್ಟಿಸುತ್ತದೆ. ಎಷ್ಟು ಒಳಗೆ ಬಿಟ್ಟುಕೊಂಡಿದ್ದೆವೆಂಬುದಕ್ಕೆ ಅದೇ ಅಳತೆ. ಅದು ನಿಧಾನವಾಗಿ ಹಿಂಜರಿದ ಮೇಲೆ, ನೆರೆ ಇಳಿದ ಬಯಲಿನಲ್ಲಿ ತಿಳಿನೀರು ನಿಲ್ಲುವಂತೆ, ಎದೆಯಲ್ಲಿ ದುಃಖವೊಂದು ಉಳಿದುಕೊಳ್ಳುತ್ತದೆ. ಅದರಲ್ಲಿ ಯಾರ ಎಂಜಲೂ ಇರುವುದಿಲ್ಲ. ಅದನ್ನು ಯಾರಿಂದಲೂ ಎರವಲು ತರಲಾಗುವುದಿಲ್ಲ, ಯಾರಿಗೂ ಹಿಂತಿರುಗಿಸಬೇಕಾಗಿಯೂ ಇಲ್ಲ.